‘ನೀವು ಅವರಿಗೆ ಏನಾಗಬೇಕು?’: ಹುಚ್ಚಾಸ್ಪತ್ರೆಯ ಬಾಗಿಲಲ್ಲಿ ನಿಂತ ಗೆಳತಿ

ಶಿಡ್ಲಘಟ್ಟದ ರೀಲಿಂಗ್ ಘಟಕವೊಂದರಲ್ಲಿ ಹತ್ತು ವರ್ಷ ಅಕ್ಕಪಕ್ಕ ಕೂತು ರೇಷ್ಮೆ ನೂಲು ತೆಗೆದ ಇಬ್ಬರು ಹೆಂಗಸರಿದ್ದಾರೆ ಅಂದುಕೊಳ್ಳಿ. ಒಬ್ಬಳಿಗೆ ನಿದ್ದೆ ಕೆಟ್ಟಿತು, ಊಟ ಬಿಟ್ಟಳು, ಯಾರೋ ಕರೆಯುತ್ತಿದ್ದಾರೆ ಅನ್ನತೊಡಗಿದಳು. ಇದನ್ನು ಮೊದಲು ಗಮನಿಸಿದವಳು ಪಕ್ಕದವಳೇ. ಒಂದು ದಿನ ಗಂಡನ ಮನೆಯವರು ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಸೇರಿಸಿದರು. ಪಕ್ಕದವಳು ಬಸ್ಸು ಹತ್ತಿ ಆಸ್ಪತ್ರೆಗೆ ಬಂದಳು. ಕೌಂಟರಿನಲ್ಲಿ ಕೇಳುವ ಮೊದಲ ಮಾತು: "ನೀವು ಅವರಿಗೆ ಏನಾಗಬೇಕು?"

"ಫ್ರೆಂಡು" ಅನ್ನುವ ಉತ್ತರಕ್ಕೆ ಅಲ್ಲಿ ಎಷ್ಟು ಬೆಲೆ? ನರಸಾಪುರ, ವೇಮಗಲ್, ವಸಂತನರಸಾಪುರದ ಕಾರ್ಖಾನೆಗಳಿಗೆ ದುಡಿಯಲು ಬಂದು ಮೂರು ನಾಲ್ಕು ಜನ ಸೇರಿ ರೂಮು ಮಾಡಿಕೊಂಡಿರುವ ಹೆಣ್ಣುಮಕ್ಕಳು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳಲ್ಲಿ ಈಗ ಬಹಳ. ಕಾಯಿಲೆ ಬಿದ್ದರೆ ಮೊದಲು ಕೈ ಹಿಡಿಯುವವರು ರೂಮಿನವರೇ. ಹಾಗಾಗಿ ಇದು ಬರೀ ಪಂಡಿತರ ಪ್ರಶ್ನೆಯಾಗಿ ಉಳಿದಿಲ್ಲ. ಉತ್ತರ ಸಿಗಬೇಕಾದರೆ ಹೆಂಗಸರನ್ನು ಕೂಡಿಹಾಕುತ್ತಿದ್ದ ಹಳೆಯ ಆಸ್ಪತ್ರೆಗಳಿಂದಲೇ ಶುರುಮಾಡಬೇಕು.

ಹೆಸರು ಬದಲಾದ ಬಗೆ

ಇಂಗ್ಲಿಷಿನ ‘ಅಸೈಲಂ’ ಪದಕ್ಕೆ ಮೂಲ ಅರ್ಥ ಆಶ್ರಯ. ಊರಿನ ಗಲಾಟೆಯಿಂದ ದೂರ, ಶಾಂತವಾದ ಕಡೆ ಇಟ್ಟರೆ ಮನಸ್ಸು ಸರಿಹೋಗುತ್ತದೆ ಎಂಬ ನಂಬಿಕೆಯಿಂದ 18ನೇ ಶತಮಾನದ ಕೊನೆಯಿಂದ ಇಂಥ ಜಾಗಗಳು ಹೆಚ್ಚಾದವು. ಜನ ತುಂಬಿದಂತೆ ಆಶ್ರಯ ಹೋಗಿ ಗೋಡೆ ಉಳಿಯಿತು. ಕನ್ನಡದಲ್ಲಂತೂ ಆ ನಯದ ಅರ್ಥ ಎಂದೂ ಇರಲಿಲ್ಲ. ನಮ್ಮವರು ನೇರವಾಗಿ ಹುಚ್ಚಾಸ್ಪತ್ರೆ ಅಂದರು.

ಬೆಂಗಳೂರಿನ ಹುಚ್ಚಾಸ್ಪತ್ರೆ 19ನೇ ಶತಮಾನದ ನಡುವಿನದು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರಾಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1937ರಲ್ಲಿ, ಈಗಿನ ಜಾಗಕ್ಕೆ ಬಂತು. 1954ರಲ್ಲಿ ಅದರ ಜತೆಗೆ ಅಖಿಲ ಭಾರತ ಮಟ್ಟದ ತರಬೇತಿ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಬೋರ್ಡು ಎಷ್ಟು ಸಲ ಬದಲಾದರೂ ಹಳ್ಳಿ ಕಡೆ ಜಗಳದಲ್ಲಿ ಬರುವ ಬೈಗುಳ ಮಾತ್ರ ಬದಲಾಗಿಲ್ಲ.

ಇಲ್ಲಿ ಗಂಡಸರ ವಾರ್ಡು, ಹೆಂಗಸರ ವಾರ್ಡು ಒಂದೇ ಆವರಣದಲ್ಲಿ. ಯೂರೋಪ್, ಅಮೆರಿಕಗಳಲ್ಲಿ ಹೆಂಗಸರಿಗೆಂದೇ ದೊಡ್ಡ ಆಸ್ಪತ್ರೆಗಳಿದ್ದವು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್, ನ್ಯೂಯಾರ್ಕಿನ ಬ್ಲ್ಯಾಕ್‌ವೆಲ್ಸ್ ದ್ವೀಪದ ಆಸ್ಪತ್ರೆ ಅಂಥವು. ಅಲ್ಲಿದ್ದ ಕೆಲವರು ತಮ್ಮ ಅನುಭವವನ್ನು ತಾವೇ ಬರೆದಿಟ್ಟದ್ದರಿಂದ ಒಳಗಿನ ಸ್ನೇಹ ಹೇಗಿತ್ತು ಎಂಬುದು ನಮಗೆ ಗೊತ್ತಾಗುತ್ತದೆ.

ಸೇರಿಸಲು ಯಾರ ಸಹಿ, ಬಿಡಿಸಲು ಯಾರ ಸಹಿ

ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇರುವಂತೆ ಹುಚ್ಚಾಸ್ಪತ್ರೆಗೂ ಎರಡು ಕೀಲಿ: ಒಂದು ವೈದ್ಯರದು, ಇನ್ನೊಂದು ಮನೆಯವರದು. ಒಳಗಿದ್ದವಳ ಕೈಯಲ್ಲಿ ಒಂದೂ ಇರುತ್ತಿರಲಿಲ್ಲ.

ಫ್ರಾನ್ಸಿನ 1838ರ ಕಾಯ್ದೆಯ ಪ್ರಕಾರ ಮನೆಯವರ ಅರ್ಜಿ, ವೈದ್ಯರ ಪ್ರಮಾಣಪತ್ರ ಇದ್ದರೆ ಸಾಕು, ಸೇರಿಸಬಹುದಿತ್ತು. ತಮಾಷೆ ಎಂದರೆ ಇದಕ್ಕೆ ಅವರು ಇಟ್ಟಿದ್ದ ಹೆಸರು ‘ಸ್ವಇಚ್ಛೆಯ ಸೇರ್ಪಡೆ’, ಇಚ್ಛೆ ಮನೆಯವರದು. ಅಮೆರಿಕದ ಇಲಿನಾಯ್ ರಾಜ್ಯದ 1851ರ ಕಾಯ್ದೆ ಇನ್ನೂ ಮುಂದೆ ಹೋಯಿತು. ಬೇರೆಯವರ ವಿಷಯದಲ್ಲಿ ಬೇಕಾಗಿದ್ದ ಪುರಾವೆ, ಮದುವೆಯಾದ ಹೆಂಗಸಿನ ವಿಷಯದಲ್ಲಿ ಬೇಕಿಲ್ಲ. ಗಂಡ ಕೇಳಿಕೊಂಡು ಆಸ್ಪತ್ರೆಯ ಮುಖ್ಯಸ್ಥ ಒಪ್ಪಿದರಾಯಿತು.

ಬ್ರಿಟಿಷ್ ಇಂಡಿಯಾದ 1912ರ ಕಾಯ್ದೆ ಮ್ಯಾಜಿಸ್ಟ್ರೇಟರನ್ನು ನಡುವೆ ತಂದಿತು. ಎರಡು ವೈದ್ಯ ಪ್ರಮಾಣಪತ್ರ ಬೇಕು. ಅರ್ಜಿಯನ್ನು ಸಾಧ್ಯವಾದರೆ ಗಂಡ ಅಥವಾ ಹೆಂಡತಿ ಕೊಡಬೇಕು, ಇಲ್ಲದಿದ್ದರೆ ಹತ್ತಿರದ ನಂಟರು. ಬೇರೆಯವರು ಕೊಟ್ಟರೆ, ನಂಟರು ಯಾಕೆ ಕೊಡಲಿಲ್ಲ ಎಂದು ಕಾರಣ ಬರೆಯಬೇಕು. ಆದರೆ ಇದೇ ಕಾಯ್ದೆಯ ಇನ್ನೊಂದು ಮೂಲೆಯಲ್ಲಿ ‘ನಂಟರು ಅಥವಾ ಸ್ನೇಹಿತರು’ ಎಂಬ ಮಾತು ಇದೆ. ಒಳಗಿರುವವರನ್ನು ನನ್ನ ಜವಾಬ್ದಾರಿಗೆ ಬಿಟ್ಟುಕೊಡಿ ಎಂದು ಸ್ನೇಹಿತರೂ ಕೇಳಬಹುದಿತ್ತು. ಅದಕ್ಕೆ ಮುಚ್ಚಳಿಕೆ ಬರೆದುಕೊಡಬೇಕು: ಸರಿಯಾಗಿ ನೋಡಿಕೊಳ್ಳುತ್ತೇನೆ, ಅವರಿಂದ ಅವರಿಗಾಗಲಿ ಬೇರೆಯವರಿಗಾಗಲಿ ಅಪಾಯವಾಗದಂತೆ ತಡೆಯುತ್ತೇನೆ ಎಂದು. ಬೇಕೆನಿಸಿದರೆ ಜಾಮೀನುದಾರರನ್ನೂ ಕೇಳುತ್ತಿದ್ದರು. ಸ್ತ್ರೀಶಕ್ತಿ ಸಂಘದಲ್ಲಿ ಗೆಳತಿಯ ಸಾಲಕ್ಕೆ ಸಹಿ ಹಾಕಿದವರಿಗೆ ಆ ಸಹಿಯ ತೂಕ ಗೊತ್ತು. ಸಾಲಕ್ಕಾದರೆ ಕಂತಿನ ಲೆಕ್ಕ ಉಂಟು. ಒಬ್ಬ ಮನುಷ್ಯಳ ಮನಸ್ಸಿಗೆ ಜಾಮೀನು ನಿಲ್ಲುವುದಕ್ಕೆ ಲೆಕ್ಕವೇ ಇಲ್ಲ. ಅಷ್ಟು ಮಾಡಿದರೂ ಬಿಡುವುದು ಬಿಡದಿರುವುದು ಅಧಿಕಾರಿಗಳ ಮರ್ಜಿ.

ಅಂದರೆ ಹೊರಗೆ ಕರೆದುಕೊಂಡು ಹೋಗುವ ಹೊರೆ ಹೊರಲು ಗೆಳತಿ ಬೇಕಿತ್ತು. ಒಳಗಿರುವಾಗ ಅವಳ ಪರವಾಗಿ ಮಾತಾಡಲು ಬೇಕಿರಲಿಲ್ಲ.

ಗೋಡೆಯೊಳಗೆ ಸ್ನೇಹ ಮುರಿಯುತ್ತಿದ್ದದ್ದು ಹೇಗೆ

ಹಳೆಯ ಆಸ್ಪತ್ರೆಗಳಲ್ಲಿ ವಾರ್ಡುಗಳು ಮೆಟ್ಟಿಲಿನ ಹಾಗೆ. ಮೇಲಿನ ಮೆಟ್ಟಿಲಿನ ವಾರ್ಡಿನಲ್ಲಿ ಒಳ್ಳೆಯ ಹಾಸಿಗೆ, ಹೊಲಿಗೆ ಕೆಲಸ, ಅಂಗಳದಲ್ಲಿ ಓಡಾಟ. ಕೆಳಗಿನದರಲ್ಲಿ ಗಲೀಜು, ಕಿರುಚಾಟ, ಹೊಡೆತ. ಯಾರು ಎಲ್ಲಿ ಎಂದು ನಿರ್ಧರಿಸುವುದು ಸಿಬ್ಬಂದಿ. ಹೇಳಿಕೆಗೆ ಇದು ರೋಗದ ಪ್ರಕಾರ ಮಾಡಿದ ವಿಂಗಡಣೆ. ನಡೆಯುತ್ತಿದ್ದದ್ದು ಶಿಕ್ಷೆ ಮತ್ತು ಬಹುಮಾನದ ಲೆಕ್ಕ.

ಈ ಲೆಕ್ಕಕ್ಕೆ ಸ್ನೇಹ ಮೂರು ಕಡೆ ಸಿಕ್ಕಿಬೀಳುತ್ತಿತ್ತು. ಗೆಳತಿಯ ಪರವಾಗಿ ದೂರು ಕೊಟ್ಟರೆ ಕೊಟ್ಟವಳೇ ಕೆಳಗಿನ ವಾರ್ಡಿಗೆ ಬೀಳುತ್ತಾಳೆ, ಆಗ ಇಬ್ಬರೂ ಬೇರೆಯಾಗುತ್ತಾರೆ. ಕಂಬಳಿ, ರೊಟ್ಟಿ, ಚಹಾ ಎಲ್ಲವೂ ಕಮ್ಮಿ ಇದ್ದಲ್ಲಿ ಹಂಚಿಕೊಳ್ಳುವುದೂ ನಷ್ಟವೇ. ಮತ್ತೆ, ಹುಚ್ಚು ಎಂದು ಒಮ್ಮೆ ಬರೆದಾದ ಮೇಲೆ ಒಬ್ಬಳ ಸಾಕ್ಷಿ ಇನ್ನೊಬ್ಬಳಿಗೆ ಉಪಯೋಗಕ್ಕೆ ಬರುವುದಿಲ್ಲ. ‘ಇವಳಿಗೆ ಬುದ್ಧಿ ಸರಿಯಿದೆ’ ಎಂದು ಹೇಳುವವಳ ಬುದ್ಧಿಯೇ ಸರಿಯಿಲ್ಲವಲ್ಲ!

ಇಲಿನಾಯ್ ರಾಜ್ಯದ ಎಲಿಜಬೆತ್ ಪ್ಯಾಕರ್ಡ್ ಎಂಬಾಕೆಯ ವಿಷಯ ನೋಡಿ. ಗಂಡ ಪಾದ್ರಿ. ಧರ್ಮದ ವಿಚಾರದಲ್ಲಿ ಗಂಡನ ಮಾತು ಒಪ್ಪದೆ ವಾದಿಸುತ್ತಾಳೆಂಬುದೇ ಮುಖ್ಯ ತಕರಾರು. 1860ರಲ್ಲಿ ಜಾಕ್ಸನ್‌ವಿಲ್ ಆಸ್ಪತ್ರೆಗೆ ಸೇರಿಸಿದ. ಮೊದಲು ಒಳ್ಳೆಯ ವಾರ್ಡಿನಲ್ಲೇ ಇದ್ದಳು. ರೋಗಿಗಳನ್ನು ನಡೆಸಿಕೊಳ್ಳುವ ರೀತಿ ಸರಿಯಿಲ್ಲ ಎಂದು ಮುಖ್ಯ ವೈದ್ಯನಿಗೆ ಬರೆದುಕೊಟ್ಟಳು. ಅದಾದ ಮೇಲೆ ಎಂಟನೇ ವಾರ್ಡಿಗೆ ತಳ್ಳಿದರು. ತೀರಾ ಕೆಟ್ಟದ್ದು ಅದು. ಅಲ್ಲಿ ಆಕೆ ಮೈಮೇಲೆ ಗ್ಯಾನವಿಲ್ಲದೆ ಗಲೀಜಿನಲ್ಲಿ ಬಿದ್ದಿದ್ದವರಿಗೆ ತಾನೇ ನೀರು ಹಾಕಿ ಸ್ನಾನ ಮಾಡಿಸತೊಡಗಿದಳು. ಕಂಡದ್ದನ್ನು ಬರೆದು ಬರೆದು ಬಟ್ಟೆಯ ಪದರಗಳಲ್ಲಿ, ಕನ್ನಡಿಯ ಹಿಂದೆ ಬಚ್ಚಿಟ್ಟಳು.

ಮೂರು ವರ್ಷದ ನಂತರ ಬಿಟ್ಟರು. ಗಂಡ ಮನೆಯಲ್ಲಿ ಕೋಣೆಗೆ ಕೂಡಿದ, ಕಿಟಕಿಗೆ ಮೊಳೆ ಹೊಡೆಸಿದ. ಕಿಟಕಿಯ ಸಂದಿಯಿಂದ ಆಕೆ ತೂರಿಸಿದ ಚೀಟಿ ಊರಿನ ಗೆಳತಿಯೊಬ್ಬಳಿಗೆ ತಲುಪಿತು, ಅಲ್ಲಿಂದ ನ್ಯಾಯಾಧೀಶರಿಗೆ. ಆ ಕಾಲದ ಕಾನೂನು ಎಷ್ಟು ವಿಚಿತ್ರ ಎಂದರೆ, ವಿಚಾರಣೆಯಿಲ್ಲದೆ ಹೆಂಡತಿಯನ್ನು ಆಸ್ಪತ್ರೆಯಲ್ಲಿ ಕೂಡಿಹಾಕಲು ಗಂಡನಿಗೆ ಹಕ್ಕಿತ್ತು, ಮನೆಯಲ್ಲಿ ಕೂಡಿಹಾಕಲು ಇರಲಿಲ್ಲ. ಆ ಸಂದಿಯಲ್ಲೇ ಚೀಟಿ ಕೆಲಸ ಮಾಡಿತು. 1864ರ ಜನವರಿಯಲ್ಲಿ ಜ್ಯೂರಿಯವರು ಏಳು ನಿಮಿಷದಲ್ಲಿ ಆಕೆಗೆ ಬುದ್ಧಿ ಸರಿಯಿದೆ ಎಂದರು. 1867ರಲ್ಲಿ, ಆಕೆಯ ಓಡಾಟದ ಫಲವಾಗಿ, ವಿಚಾರಣೆಯಿಲ್ಲದೆ ಯಾರನ್ನೂ ಸೇರಿಸಬಾರದು ಎಂಬ ಕಾಯ್ದೆ ಇಲಿನಾಯಿಯಲ್ಲಿ ಬಂತು.

ನ್ಯೂಯಾರ್ಕಿನದು ಬೇರೆ ಬಗೆ. 1887ರಲ್ಲಿ ನೆಲ್ಲಿ ಬ್ಲೈ ಎಂಬ ಪತ್ರಕರ್ತೆ ಹುಚ್ಚು ನಟಿಸಿ ಬ್ಲ್ಯಾಕ್‌ವೆಲ್ಸ್ ದ್ವೀಪದ ಆಸ್ಪತ್ರೆಗೆ ಸೇರಿ ಹತ್ತು ದಿನ ಇದ್ದಳು. ಬೆಳಗಿನಿಂದ ರಾತ್ರಿಯವರೆಗೆ ಮಾತಾಡದೆ ಬೆಂಚಿನ ಮೇಲೆ ಕೂರಬೇಕು, ಚಳಿಗೆ ತೆಳು ಬಟ್ಟೆ, ತಣ್ಣೀರಿನ ಸ್ನಾನ. ಜತೆಗೆ ಬಂದಿದ್ದ ಟಿಲ್ಲಿ ಮೇಯಾರ್ಡ್ ಎಂಬವಳು ಚಳಿಗೆ ನಡುಗುತ್ತಿದ್ದಾಗ ಬ್ಲೈ ಅವಳಿಗಾಗಿ ಬೆಚ್ಚನೆಯ ಬಟ್ಟೆ ಕೇಳಿ ಬೈಸಿಕೊಂಡಳು. ಹತ್ತನೇ ದಿನ ಪತ್ರಿಕೆಯ ವಕೀಲ ಬಂದು ಬಿಡಿಸಿಕೊಂಡ. ಇವರನ್ನೆಲ್ಲ ಇಲ್ಲೇ ಬಿಟ್ಟು ಹೋಗುವುದು ಸ್ವಾರ್ಥ ಅನ್ನಿಸಿತು ಎಂದು ಆಕೆಯೇ ಬರೆದಿದ್ದಾಳೆ. ಆಮೇಲೆ ತನಿಖೆಯವರ ಜತೆ ಮತ್ತೆ ದ್ವೀಪಕ್ಕೆ ಹೋದಾಗ ಆಸ್ಪತ್ರೆ ತೊಳೆದಿಟ್ಟಂತಿತ್ತು, ಕೆಲವು ರೋಗಿಗಳು ಎಲ್ಲಿ ಹೋದರೆಂದೇ ತಿಳಿಯಲಿಲ್ಲ. ಉಳಿದಿದ್ದ ಆನ್ ನೆವಿಲ್ ಎಂಬವಳು ಧೈರ್ಯವಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳಿಗೆ ಅಲ್ಲಿಂದ ಹೊರಗೆ ಹೋಗುವ ಗ್ಯಾರಂಟಿ ಏನೂ ಇರಲಿಲ್ಲ. ಅದೇ ನರ್ಸುಗಳ ಕೈಗೆ ಮತ್ತೆ ಸಿಗುವವಳು. ಹೆಸರು ಮಾಡಿದ್ದು ಬ್ಲೈ, ಆದರೆ ಹೆಚ್ಚು ಪಣಕ್ಕಿಟ್ಟವಳು ನೆವಿಲ್.

ಹೊರಗಿನ ಗೆಳತಿಗೆ ಏನು ಮಾಡಲಾಗಲಿಲ್ಲ

ಫ್ರಾನ್ಸಿನ ಶಿಲ್ಪಿ ಕಾಮೀ ಕ್ಲೋಡೆಲ್ ಅವರನ್ನು 1913ರ ಮಾರ್ಚಿನಲ್ಲಿ, ತಂದೆ ತೀರಿಕೊಂಡ ಎಂಟೇ ದಿನಕ್ಕೆ, ಮನೆಯವರು ಆಸ್ಪತ್ರೆಗೆ ಸೇರಿಸಿದರು. ಕಾಯಿಲೆ ಇರಲೇ ಇಲ್ಲ ಎನ್ನುವ ಹಾಗಿಲ್ಲ. ಯಾರೋ ತನ್ನ ಕೆಲಸ ಕದಿಯುತ್ತಾರೆ, ವಿಷ ಹಾಕುತ್ತಾರೆ ಎಂಬ ಭಯ ಇತ್ತು. ಆದರೆ 1920ರಲ್ಲಿ ವೈದ್ಯರೇ ಮನೆಗೆ ಕಳಿಸಬಹುದು ಎಂದು ತಾಯಿಗೆ ಬರೆದರು. ತಾಯಿ ಒಪ್ಪಲಿಲ್ಲ. ಅಷ್ಟೇ ಅಲ್ಲ, ಮನೆಯವರ ಹೊರತು ಯಾರೂ ನೋಡಬಾರದು, ಕಾಗದ ಬರೆಯಬಾರದು ಎಂದು ಆಸ್ಪತ್ರೆಗೆ ತಾಕೀತು ಮಾಡಿದ್ದರು.

ಹರೆಯದಲ್ಲಿ ಕ್ಲೋಡೆಲ್ ಜತೆ ಒಂದೇ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಇಂಗ್ಲೆಂಡಿನ ಶಿಲ್ಪಿ ಜೆಸ್ಸಿ ಲಿಪ್ಸ್‌ಕೂಂಬ್ 1929ರಲ್ಲಿ ಗಂಡನ ಜತೆ ಹುಡುಕಿಕೊಂಡು ಬಂದರು. ಇಬ್ಬರ ನಡುವೆ ಹಿಂದೆ ಮನಸ್ತಾಪವೂ ಆಗಿತ್ತು, ನಡುವೆ ನಲವತ್ತು ವರ್ಷ ಕಳೆದಿತ್ತು. ಪಕ್ಕಪಕ್ಕ ಕೂತಿರುವ ಇಬ್ಬರು ಮುದುಕಿಯರ ಫೋಟೋ ಉಳಿದಿದೆ. ಇವಳಿಗೆ ಹುಚ್ಚಿಲ್ಲ ಎಂದು ಜೆಸ್ಸಿ ಹೇಳಿದರು. ಹೇಳಿ ಏನಾಗಬೇಕು? ‘ನೀವು ಅವರಿಗೆ ಏನಾಗಬೇಕು’ ಎಂಬ ಪ್ರಶ್ನೆಗೆ ಅವರ ಹತ್ತಿರ ಉತ್ತರವಿರಲಿಲ್ಲ. ಸಹಿ ತಾಯಿಯದು, ಆಮೇಲೆ ತಮ್ಮನದು. ಮೂವತ್ತು ವರ್ಷ ಒಳಗೇ ಇದ್ದು ಕ್ಲೋಡೆಲ್ 1943ರಲ್ಲಿ ತೀರಿಕೊಂಡರು. 

ನಮ್ಮಲ್ಲಿ ನಡೆದದ್ದು ಬೇರೆ

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಗುಡಾರ ಹಾಕಿ ಉಳಿಸಿಕೊಂಡರು. ಮನೆಯವರು ಕಾಯಿಲೆಯನ್ನು ಕಣ್ಣಾರೆ ಕಂಡು, ನೋಡಿಕೊಳ್ಳುವುದು ಕಲಿತು, ಕರೆದುಕೊಂಡು ಹೋಗತೊಡಗಿದರು. ಇವತ್ತು ನಿಮ್ಹಾನ್ಸ್‌ನಲ್ಲಿ ರೋಗಿಯ ಜತೆಗೆ ಒಬ್ಬರು ಉಳಿಯುವ ಪದ್ಧತಿ ಇದೆಯಲ್ಲ, ಅದು ಈ ದಾರಿಯದೇ. ಒಳ್ಳೆಯದು ನಿಜ. ಆದರೆ ಎಲ್ಲವೂ ಮನೆಯವರ ಮೇಲೆ ನಿಂತಾಗ ಮನೆಯವರೇ ಬೇಡವೆಂದವಳು ಎಲ್ಲಿಗೆ ಹೋಗಬೇಕು? 1987ರ ಮಾನಸಿಕ ಆರೋಗ್ಯ ಕಾಯ್ದೆ ನಂಟರ ಜತೆಗೆ ಸ್ನೇಹಿತರೂ ಅರ್ಜಿ ಕೊಟ್ಟು ಸೇರಿಸಬಹುದು, ಬಿಡುಗಡೆಗೂ ಮ್ಯಾಜಿಸ್ಟ್ರೇಟರನ್ನು ಕೇಳಬಹುದು ಎಂದಿತು. ಒಳಗಿದ್ದವಳು ತನಗೆ ಬೇಕಾದವರನ್ನು ತಾನೇ ಆರಿಸಿಕೊಳ್ಳುವುದಕ್ಕೆ ಇನ್ನೂ ಮೂವತ್ತು ವರ್ಷ ಬೇಕಾಯಿತು.

ಈಗಿನ ಕಾಯ್ದೆ: ನಾಮನಿರ್ದೇಶಿತ ಪ್ರತಿನಿಧಿ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದರ 14ನೇ ಸೆಕ್ಷನ್ ಪ್ರಕಾರ 18 ತುಂಬಿದ ಯಾರು ಬೇಕಾದರೂ, ಕಾಯಿಲೆ ಬರುವುದಕ್ಕೆ ಮುಂಚೆಯೂ, ತಮ್ಮ ಪರವಾಗಿ ನಿಲ್ಲುವ ಒಬ್ಬರನ್ನು ಹೆಸರಿಸಬಹುದು. ಅವರೇ ನಾಮನಿರ್ದೇಶಿತ ಪ್ರತಿನಿಧಿ. ನಂಟರೇ ಆಗಬೇಕೆಂದಿಲ್ಲ. ಗೆಳತಿ ಆಗಬಹುದು.

ಬ್ಯಾಂಕಿನ ನಾಮಿನಿ ಅಂದುಕೊಂಡರೆ ತಪ್ಪು. ಬ್ಯಾಂಕಿನ ನಾಮಿನಿ ಸತ್ತ ಮೇಲೆ ಬರುವವರು. ಇವರು ಬದುಕಿದ್ದಾಗ, ಸ್ವಂತ ನಿರ್ಧಾರ ತೆಗೆದುಕೊಳ್ಳಲು ಆಗದ ಹೊತ್ತಿಗೆ ನೆರವಾಗುವವರು. ದುಡ್ಡು, ಜಮೀನು, ಮನೆ, ಒಡವೆ ಯಾವುದರ ಮೇಲೂ ಇವರಿಗೆ ಅಧಿಕಾರವಿಲ್ಲ.

ಮಾಡುವ ಕ್ರಮ ಸರಳ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಯಾರನ್ನು ಹೆಸರಿಸುತ್ತೀರೋ ಅವರ ಪೂರ್ತಿ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಹೆಸರಿಸಲ್ಪಟ್ಟವರಿಗೂ 18 ತುಂಬಿರಬೇಕು. ಈ ಕೆಲಸ ಮಾಡುತ್ತೇನೆ ಎಂದು ಅವರು ಚಿಕಿತ್ಸೆ ಕೊಡುವವರಿಗೆ ಬರಹದಲ್ಲಿ ಒಪ್ಪಿಗೆ ಕೊಡಬೇಕು. ಬದಲಾಯಿಸಬೇಕೆನ್ನಿಸಿದರೆ ಯಾವಾಗ ಬೇಕಾದರೂ ಬದಲಾಯಿಸಬಹುದು.

ಹೆಸರಿಸದೇ ಇದ್ದರೆ ಕಾಯ್ದೆ ತಾನೇ ಒಂದು ಸರದಿ ಹಾಕಿದೆ: ಮುಂಗಡ ನಿರ್ದೇಶನದಲ್ಲಿ ಹೇಳಿದವರು, ಅವರಿಲ್ಲದಿದ್ದರೆ ನಂಟರು, ಆಮೇಲೆ ಆರೈಕೆ ಮಾಡುತ್ತಿರುವವರು, ಆಮೇಲೆ ಪರಾಮರ್ಶೆ ಮಂಡಳಿ (ರೋಗಿಗಳ ಹಕ್ಕು ಕಾಯಲು ಈ ಕಾಯ್ದೆಯಡಿ ಇರುವ ಮಂಡಳಿ) ನೇಮಿಸಿದವರು, ಕೊನೆಗೆ ಸಮಾಜ ಕಲ್ಯಾಣ ಇಲಾಖೆ. ಮುಂಗಡ ನಿರ್ದೇಶನ ಎಂದರೆ, ‘ನನಗೆ ಹುಷಾರು ತಪ್ಪಿದರೆ ಹೀಗೆ ನೋಡಿಕೊಳ್ಳಿ, ಹೀಗೆ ಬೇಡ’ ಎಂದು ಹುಷಾರಾಗಿದ್ದಾಗಲೇ ಬರೆದಿಡುವುದು. ಸರದಿಯನ್ನು ಗಮನಿಸಿ: ಜತೆಯಲ್ಲಿದ್ದು ಗಂಜಿ ಕಾಯಿಸಿ ಕುಡಿಸುವ ರೂಮ್‌ಮೇಟ್ ಆರೈಕೆ ಮಾಡುವವಳ ಸಾಲಿಗೆ ಬರುತ್ತಾಳೆ, ಆದರೆ ನಂಟರ ಹಿಂದೆ. ಅವಳನ್ನು ಮುಂದೆ ತರಬೇಕಾದರೆ ಕಾಗದ ಬೇಕೇ ಬೇಕು.

ಪ್ರತಿನಿಧಿಗೆ ಏನೇನು ಮಾಡಬಹುದು? ರೋಗ ಏನು, ಚಿಕಿತ್ಸೆ ಏನು ಎಂದು ಕೇಳಿ ತಿಳಿಯಬಹುದು. ಸೇರಿಸಲು ಅರ್ಜಿ ಕೊಡಬಹುದು, ಬಿಡುಗಡೆಗೂ ಕೊಡಬಹುದು. ಮನೆಗೆ ಕಳಿಸುವ ಮುಂಚೆ ಮಾಡುವ ಯೋಜನೆಯಲ್ಲಿ ಕೂರಬಹುದು. ಹಕ್ಕಿಗೆ ಧಕ್ಕೆಯಾದರೆ ಮಂಡಳಿಗೆ ದೂರಬಹುದು. ಒಳಗಿರುವವರನ್ನು ಭೇಟಿ ಮಾಡುವ, ಪತ್ರ-ಫೋನಿನ ವಿಷಯದಲ್ಲಿ ಕಾಯ್ದೆ ವಿಶೇಷವಾಗಿ ಕಾಪಾಡಿರುವವರ ಪಟ್ಟಿಯೊಂದಿದೆ: ನ್ಯಾಯಾಧೀಶರು, ಮಂಡಳಿಯ ಸದಸ್ಯರು, ಸಂಸದರು, ಶಾಸಕರು, ವಕೀಲರು, ಅವರ ಸಾಲಿನಲ್ಲೇ ಈ ಪ್ರತಿನಿಧಿ. ಶಿಡ್ಲಘಟ್ಟದ ಪಕ್ಕದವಳು ಶಾಸಕರ ಸಾಲಿನಲ್ಲಿ!

ಆಗದ್ದು ಒಂದಿದೆ. ಒಳಗಿರುವವಳಿಗೆ ಅರ್ಥಮಾಡಿಕೊಂಡು, ಪರಿಣಾಮ ತಿಳಿದು, ಮಾತಿನಲ್ಲೋ ಸನ್ನೆಯಲ್ಲೋ ಹೇಳುವ ಶಕ್ತಿ ಇರುವವರೆಗೂ ನಿರ್ಧಾರ ಅವಳದೇ. ಗೆಳತಿ ತನಗೆ ಸರಿಕಂಡದ್ದನ್ನು ಹೇರುವಂತಿಲ್ಲ. ಅವಳ ಹಿಂದಿನ, ಇಂದಿನ ಇಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಒಪ್ಪದವಳನ್ನು ಸೇರಿಸುವಾಗ

ಇದು 89ನೇ ಸೆಕ್ಷನ್. ಪ್ರತಿನಿಧಿಯ ಅರ್ಜಿ ಬೇಕು. ಅದೇ ದಿನ ಅಥವಾ ಹಿಂದಿನ ಏಳು ದಿನದೊಳಗೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ತನಗೆ ಅಪಾಯ, ಬೇರೆಯವರಿಗೆ ಅಪಾಯ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯ, ಈ ಮೂರರಲ್ಲಿ ಒಂದಾದರೂ ಇರಬೇಕು. ಗಂಡನ ಮಾತು ಕೇಳುವುದಿಲ್ಲ ಎಂಬುದು ಪಟ್ಟಿಯಲ್ಲಿಲ್ಲ. ಮಿತಿ 30 ದಿನ. ಹೆಂಗಸನ್ನು ಸೇರಿಸಿದರೆ ಮೂರು ದಿನದೊಳಗೆ ಮಂಡಳಿಗೆ ತಿಳಿಸಬೇಕು, ಗಂಡಸಾದರೆ ಏಳು. ಅವಳಾಗಲಿ ಪ್ರತಿನಿಧಿಯಾಗಲಿ ಪ್ರಶ್ನಿಸಿದರೆ ಮಂಡಳಿ ಏಳು ದಿನದಲ್ಲಿ ತೀರ್ಮಾನ ಹೇಳಬೇಕು. 30 ದಿನ ಮೀರಿದರೆ ಮಂಡಳಿಯ ಅನುಮತಿ ಬೇಕು.

ಒಳಗಿರುವಾಗ ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಬೇಕೆಂದರೆ ಸ್ವಂತ ಬಟ್ಟೆ ಉಡಲು ಬಿಡಬೇಕು, ಕೆಲಸ ಮಾಡಿಸಿಕೊಂಡರೆ ಕೂಲಿ ಕೊಡಬೇಕು. ಮುಟ್ಟಿನ ಪ್ಯಾಡು ಒದಗಿಸಬೇಕು. ಮೂರು ವರ್ಷದೊಳಗಿನ ಮಗುವನ್ನು ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ.

ಕಾಗದ ಕೆಲಸಕ್ಕೆ ಬಾರದೆ ಹೋಗುವುದು ಎಲ್ಲಿ

ಬರೆದು ಟ್ರಂಕಿನಲ್ಲಿಟ್ಟರೆ ಹುಷಾರು ತಪ್ಪಿದ ದಿನ ಸಿಗುವುದಿಲ್ಲ. ಮೂರು ಪ್ರತಿ ಮಾಡಿ: ಒಂದು ನಿಮ್ಮಲ್ಲಿ, ಒಂದು ಗೆಳತಿಯಲ್ಲಿ, ಒಂದು ಆಸ್ಪತ್ರೆಯ ಫೈಲಿನಲ್ಲಿ. ಮೊಬೈಲಿನಲ್ಲಿ ಫೋಟೋ ಇರಲಿ.

ಕಾಯಿಲೆ ಜೋರಾದ ಮೇಲೆ ಬರೆದರೆ, ಆಗ ಅವಳಿಗೆ ತಿಳಿವಳಿಕೆ ಇತ್ತೇ ಎಂದು ಮನೆಯವರು ತಗಾದೆ ತೆಗೆಯುತ್ತಾರೆ. ಬರೆಯುವುದಕ್ಕೆ ಒಳ್ಳೆಯ ಹೊತ್ತು ಎಂದರೆ ಮಾತ್ರೆ ಹಿಡಿದು ಚೆನ್ನಾಗಿರುವ ದಿನಗಳು. ಫಾಲೋಅಪ್‌ಗೆ ಹೋದಾಗ ವೈದ್ಯರ ಮುಂದೆಯೇ ಕೊಟ್ಟರೆ ಇನ್ನೂ ಗಟ್ಟಿ. ಮನೆಯವರಿಗೆ ಹೇಳದೆ ಮಾಡಿದರೆ ಆಸ್ಪತ್ರೆ ಬಾಗಿಲಲ್ಲೇ ಜಗಳವಾಗುತ್ತದೆ. ಕಾನೂನಿನ ಪ್ರಕಾರ ಹೇಳಬೇಕೆಂದಿಲ್ಲ, ಆದರೆ ಅತ್ತೆಯವರಿಗೋ ಅಣ್ಣನಿಗೋ ಮೊದಲೇ ಒಂದು ಮಾತು ಹಾಕುವುದು ಮೇಲು.

ಕೌಂಟರಿನವರು ‘ಬ್ಲಡ್ ರಿಲೇಶನ್ನೇ ಬೇಕು’ ಅಂದರೆ 14ನೇ ಸೆಕ್ಷನ್ ಎಂದು ಹೇಳಿ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಕೇಳಿ. ಅಲ್ಲೂ ಆಗದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ; ಈ ಕಾಯ್ದೆಯಡಿ ಉಚಿತ ನೆರವು ಹಕ್ಕು. ಮನೆಯಲ್ಲೇ ಕೂಡಿಹಾಕಿ ಹಿಂಸಿಸುತ್ತಿದ್ದರೆ 101ನೇ ಸೆಕ್ಷನ್ ಇದೆ: ಯಾರು ಬೇಕಾದರೂ ಠಾಣೆಗೆ ತಿಳಿಸಬಹುದು, ಪೊಲೀಸರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು. ಪ್ಯಾಕರ್ಡ್ ಕಿಟಕಿಯ ಸಂದಿಯಿಂದ ತೂರಿಸಿದ ಚೀಟಿಯ ಕೆಲಸವನ್ನು ಈಗ ಈ ಸೆಕ್ಷನ್ ಮಾಡುತ್ತದೆ.

ಮೊದಲು ಹೋಗಬೇಕಾದ್ದು ಎಲ್ಲಿಗೆ

ಎಲ್ಲಕ್ಕೂ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರು. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋದರೆ ಅಲೆದಾಟ ತಪ್ಪುತ್ತದೆ. ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರಿಗೆ ಊರಲ್ಲೇ ಚಿಕಿತ್ಸೆ ಕೊಡುವ ಕೆಲಸವನ್ನು ವರ್ಷಗಟ್ಟಲೆ ನಡೆಸಿದ್ದಾರೆ.

ಯಾರೂ ಕರೆದುಕೊಂಡು ಹೋಗದಿದ್ದರೆ

ಕಾಯ್ದೆಯ 19ನೇ ಸೆಕ್ಷನ್ ಹೇಳುವುದು: ಮನೆಯವರಿಲ್ಲ, ಮನೆಯವರು ಒಪ್ಪುವುದಿಲ್ಲ, ಮನೆಯೇ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಉಳಿಸಿಕೊಳ್ಳಬಾರದು ಸರಿ, ಕಳಿಸುವುದು ಎಲ್ಲಿಗೆ? ಇದಕ್ಕೆ ಒಂದು ಉತ್ತರ ಚೆನ್ನೈಯಿಂದ ಬಂದಿದೆ. ಅಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಗೆಳತಿಯರು ಬೀದಿಪಾಲಾದ ಮನೋರೋಗಿ ಹೆಂಗಸರಿಗಾಗಿ ‘ಬನ್ಯನ್’ ಸಂಸ್ಥೆ ಕಟ್ಟಿದರು. ಅದರ ‘ಹೋಮ್ ಅಗೇನ್’ ಯೋಜನೆಯಲ್ಲಿ, ವರ್ಷಗಟ್ಟಲೆ ಒಳಗಿದ್ದ ಹೆಂಗಸರು ತಮಗೆ ಹೊಂದುವವರನ್ನು ತಾವೇ ಆರಿಸಿಕೊಂಡು, ನಾಲ್ಕೈದು ಜನ ಒಂದು ಗುಂಪಾಗಿ, ಊರಿನ ನಡುವೆ ಬಾಡಿಗೆ ಮನೆ ಹಿಡಿದು ಇರುತ್ತಾರೆ. ನೆರವಿಗೆ ಕೆಲಸಗಾರ್ತಿಯೊಬ್ಬಳು ಇರುತ್ತಾಳೆ. ಅಡುಗೆ, ಅಂಗಡಿ, ಹಬ್ಬ, ಪಕ್ಕದ ಮನೆಯವರ ಜತೆ ಮಾತು, ಜಗಳ ಎಲ್ಲ ಅವರವರದೇ. ವಾರ್ಡಿನಲ್ಲಿ ಬೆಳೆದ ಒಡನಾಟವೇ ಎಷ್ಟೋ ಸಲ ಈ ಮನೆಗಳಲ್ಲಿ ಯಾರು ಯಾರ ಜತೆ ಇರಬೇಕೆಂಬುದನ್ನು ತೀರ್ಮಾನಿಸುತ್ತದೆ.